ಎದುರು ಕೂತವರ ಎಡಗಣ್ಣು

ಕಣ್ಣಾಸ್ಪತ್ರೆಯ ಬಿಲ್ಲಿಂಗ್ ಅಕ್ಕನಿಗೆ ಎಡಬಲ ತಿರುಗಿಸಿ ಓದುವುದು ನೀರು ಕುಡಿದಷ್ಟು ಸಲೀಸು. ಹಳೆಯ ಡಾಕ್ಟರು ರೋಗಿಯ ಎದುರು ಕೂತು, ಕಂಡ ಹಾಗೆಯೇ ಎರಡು ಕಣ್ಣು ಬರೆಯುತ್ತಿದ್ದರು. ಹಾಳೆಯ ಎಡಕ್ಕಿದ್ದದ್ದು ರೋಗಿಯ ಬಲಗಣ್ಣು. ಅವಳು ಅದಕ್ಕೆ ತಕ್ಕ ಕೋಡ್ ಹಾಕಿ ವಿಮೆ ಕಂಪನಿಗೆ ಕಳಿಸುತ್ತಿದ್ದಳು. ಅವರ ಜಾಗಕ್ಕೆ ಬಂದ ಡಾಕ್ಟರಮ್ಮ ರೋಗಿಯ ಕಡೆಯಿಂದಲೇ, ಎಡಗಣ್ಣನ್ನು ಎಡಕ್ಕೇ ಬರೆಯುತ್ತಾರೆಂದು ಯಾರೂ ಹೇಳಲಿಲ್ಲ, ಇವಳೂ ಕೇಳಲಿಲ್ಲ. ರೂಢಿ ಅನ್ನುವುದು ಗಾಣದೆತ್ತಿನ ಹಾಗೆ, ಕಣ್ಣು ಕಟ್ಟಿದರೂ ಸುತ್ತುತ್ತದೆ.

ಹೋದ ಸಲ ಟೈಲರಮ್ಮನ ಬಲಗಣ್ಣಿನ ಪೊರೆ ತೆಗೆದಾಗ ಇವಳು ಎಡಗಣ್ಣೆಂದು ಕಳಿಸಿದ್ದಳು. ಇವತ್ತು ಎಡಗಣ್ಣಿನ ಸರದಿ; ಡಾಕ್ಟರಮ್ಮ ಈ ಸಲ 'ಎಡ' ಎಂದು ಅಕ್ಷರದಲ್ಲೇ ಬರೆದದ್ದರಿಂದ ಇವಳು ಎಡವೆಂದೇ ಕಳಿಸಿದಳು. ಟೈಲರಮ್ಮ ಹೊರಗೆ ಬೆಂಚಿನ ಮೇಲೆ ಹಸಿದು ಕೂತಿದ್ದಾರೆ. ಕಂಪನಿಯ ಉತ್ತರ ಬಂತು: ಆ ಕಣ್ಣಿನ ಆಪರೇಷನ್ ಆಗಿಹೋಗಿದೆ, ಮತ್ತೆ ಒಪ್ಪಿಗೆಯಿಲ್ಲ. ಹಳೆಯ ಹಾಳೆ ತೆಗೆದು ನೋಡಿದಾಗ ಅವಳಿಗೆ ತನ್ನ ತಪ್ಪು ಕಂಡಿತು.

ಮ್ಯಾನೇಜರ್ ಪರದೆಗೆ ಬಗ್ಗಿ ನೋಡಿದ. "ಈ ಸಲ ಬಲ ಅಂತ ಹಾಕಮ್ಮ. ಎರಡು ಕಣ್ಣೂ ಲೆಕ್ಕಕ್ಕೆ ಬಂತಲ್ಲ."

"ಈ ತಿಂಗಳಿಂದ ಆಪರೇಷನ್ ಥಿಯೇಟರಿನ ಪಟ್ಟಿಯೂ ಇದರಿಂದಲೇ ಹೋಗುತ್ತೆ ಸಾರ್. ಅಲ್ಲೂ ಬಲ ಅಂತಲೇ ಬರುತ್ತೆ."

"ನರ್ಸ್‌ಗೆ ಬಾಯಲ್ಲಿ ಹೇಳಿದ್ರಾಯ್ತು."

"ನರ್ಸ್ ಊಟಕ್ಕೆ ಹೋದ್ರೆ? ವಾಸಿಯಾದ ಕಣ್ಣಿಗೇ ಕತ್ತರಿ ಬಿದ್ರೆ?"

"ಎಲ್ಲಾ ನಿನ್ನಿಂದಲೇ ಆಗಿದ್ದು. ತಿದ್ದುಪಡಿ ಕಳಿಸಿದ್ರೆ ವಾರಗಟ್ಟಲೆ ಹಿಡಿಯುತ್ತೆ. ಮೇಲಿನವರಿಗೆ ಯಾರ ಹೆಸರು ಹೇಳಲಿ?"

"ನನ್ನದೇ ಹೇಳಿ," ಅಂದಳು. ದನಿ ಗಟ್ಟಿಯಾಗಿತ್ತು.

ಹೊರಗೆ ಬಂದು ಟೈಲರಮ್ಮನ ಪಕ್ಕ ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. ಮುದುಕಿ ಸೂಜಿ ಚುಚ್ಚಿದ ಬೆರಳನ್ನು ನೋಡಿಕೊಂಡರು.

"ಒಂದೇ ಕಣ್ಣಲ್ಲಿ ಅಂದಾಜು ಸಿಕ್ತಿಲ್ಲ ತಾಯಿ. ಸೂಜಿ ಬಟ್ಟೇಲಿದೆ ಅನ್ಕೋತೀನಿ, ಬೆರಳಲ್ಲಿರುತ್ತೆ."

"ತಪ್ಪು ನನ್ನದಮ್ಮ."

"ನಾನೂ ಒಂದ್ಸಲ ರವಿಕೆಯ ಎಡತೋಳನ್ನ ಬಲಕ್ಕೆ ಕೂರಿಸಿದ್ದೆ. ಬಿಚ್ಚಿ ಹೊಲಿದೆ, ಬಟ್ಟೆಗೇನೂ ಆಗಲಿಲ್ಲ. ಅಷ್ಟರಲ್ಲಿ ಗಿರಾಕಿ ಬೇರೆ ಅಂಗಡಿ ಹಿಡಿದಿದ್ಲು." ಮುದುಕಿ ಚೀಲ ಎತ್ತಿಕೊಂಡು ಎದ್ದರು. "ನನಗೆಲ್ಲಿದೆ ಬೇರೆ ಅಂಗಡಿ?"

ಅಕ್ಕ ತಿದ್ದುಪಡಿ ಬರೆಯಲು ಒಳಗೆ ಹೊರಟವಳು ಬಾಗಿಲಲ್ಲಿ ನಿಂತಳು. ಈಗ ತನ್ನ ಓದಿನ ಮೇಲೆ ಅವಳಿಗೇ ನಂಬಿಕೆಯಿರಲಿಲ್ಲ. "ಅಮ್ಮಾ, ಮಾಡಿಸಬೇಕಾದ್ದು ಯಾವ ಕಣ್ಣು? ಕೈಯಿಟ್ಟು ತೋರಿಸಿ."

ಟೈಲರಮ್ಮ ಸೂಜಿ ಚುಚ್ಚಿದ ಬೆರಳನ್ನು ಎಡಗಣ್ಣಿನ ಮೇಲಿಟ್ಟರು.

"ಅವತ್ತೇ ಕೇಳಿದ್ರೆ ಅವತ್ತೇ ಹೇಳ್ತಿದ್ದೆ."