ಹಕಾರವಿಲ್ಲದ ಹಂಸ

ತಿಮ್ಮಪ್ಪನವರ ತೋಟದಲ್ಲಿ ಹಂಸವಿದೆ ಎಂದು ಮನೆಯಲ್ಲೆಲ್ಲ ಡಂಗುರ ಹೊಡೆದವಳು ನಾನೇ. ಅದು ತೊಂಬತ್ತೊಂಬತ್ತರ ಬೇಸಿಗೆ ರಜೆ. ಚನ್ನರಾಯಪಟ್ಟಣದ ಹತ್ತಿರ ತಮ್ಮ ತೋಟದೊಳಗೆ ಅವರು ಭಾನುವಾರಗಳಂದು ಮಕ್ಕಳನ್ನು ಬಿಡುತ್ತಿದ್ದರು. ಮೊಲ, ಕುರಿಮರಿ, ಟರ್ಕಿ ಕೋಳಿ, ಎಲ್ಲವನ್ನೂ ಮುಟ್ಟಬಹುದು, ಕೈಯಾರೆ ತಿನ್ನಿಸಬಹುದು. ಹೊಳೆನರಸೀಪುರದ ನಮ್ಮ ಮನೆಯಿಂದ ಫೋನ್ ಮಾಡಿ, ಇನ್ನೇನಿದೆ ಎಂದು ಕೇಳಿದೆ. ಲೈನು ಗೊರಗೊರ ಎನ್ನುತ್ತಿತ್ತು.

"ಬಿಳೀ ಅ...ಸ ಐತೆ ಕಣವ್ವ. ಬಾಳ ಸಾದು. ಮಕ್ಳು ಮೈ ಸವರುದ್ರೂ ಸುಮ್ಕೆ ನಿಂತಿರ್ತದೆ."

ಆ ಕಡೆಯವರ ಮಾತಿನಲ್ಲಿ ಹಕಾರ ಉದುರಿಹೋಗಿರುತ್ತದೆಂಬುದು ನನಗೆ ಗೊತ್ತಿಲ್ಲವೇ? ಬಿದ್ದ ಹಕಾರವನ್ನು ಹೆಕ್ಕಿ ಅದರ ಜಾಗದಲ್ಲಿಟ್ಟೆ. ಬಿಳಿ ಹಂಸ!

ಅಕ್ಕನ ಮಗಳ ಹೆಸರೂ ಹಂಸ. ಐದು ವರ್ಷ. ತನ್ನ ಹೆಸರಿನ ಹಕ್ಕಿಯನ್ನು ಮುಟ್ಟಬಹುದೆಂದು ಕೇಳಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಲಿಗೆ ನೀರು ಬೆರೆಸಿಟ್ಟರೆ ಹಂಸ ಎರಡನ್ನೂ ಬೇರೆ ಮಾಡುತ್ತದೆ ಎಂಬ ಕಥೆಯನ್ನು ಅಜ್ಜಿ ನನಗೆ ಹೇಳಿದ್ದಳು, ನಾನು ಇವಳಿಗೆ ಹೇಳಿದ್ದೆ. ಊಟದ ಹೊತ್ತಿಗೆ ದಿನಾ ಒಂದು ಕಥೆ, ಕಥೆಯಿಲ್ಲದೆ ತುತ್ತು ಇಳಿಯದು.

ಅವಳ ಅಣ್ಣ ಸಮರ್ಥನಿಗೆ ಎಂಟು ವರ್ಷ. ಅವನಿಗೆ ಊಟದ ಹೊತ್ತಿಗೆ ಟೀವಿ ಬೇಕು.

"ಹಾಲೂ ನೀರೂ ಬೇರೆ ಮಾಡತ್ತಂತೆ! ಚಿಕ್ಕಿ ಕಥೆ ಎಲ್ಲ ಬುರುಡೆ," ಎಂದ.

"ಮಾಡತ್ತೆ!"

"ಮಾಡ್ಲಿಲ್ಲ ಅಂದ್ರೆ ಇನ್ಮೇಲೆ ಕಥೆ ಬಂದ್. ಊಟಕ್ಕೆ ಕೂತಾಗ ಟೀವಿ. ಒಪ್ಗೆನಾ?"

"ಒಪ್ಗೆ," ಎಂದು ಹಂಸ ಕಿರುಬೆರಳು ಕೊಟ್ಟಳು. ಹೋಗುವುದು ನನ್ನ ಕಥೆಗಳು, ಆದರೂ ನನ್ನನ್ನು ಒಂದು ಮಾತು ಕೇಳುವವರಿಲ್ಲ.

ಭಾನುವಾರ ಅಜ್ಜಿ ಅಂಬುಜಮ್ಮ, ನಾನು, ಮಕ್ಕಳಿಬ್ಬರು ಬಸ್ಸು ಹತ್ತಿದೆವು. ಹಂಸಳ ಕೊರಳಲ್ಲಿ ವಾಟರ್ ಬಾಟಲಿ ನೇತಾಡುತ್ತಿತ್ತು. ಒಳಗೆ ಬೆಳ್ಳಗೆ ಏನೋ.

"ಮಜ್ಜಿಗೆಯೇನೇ ಪುಟ್ಟಿ? ಒಂಚೂರು ಕೊಡು," ಎಂದಳು ಅಜ್ಜಿ.

"ಅಯ್ಯೋ ಕುಡೀಬೇಡ ಮುತ್ತಜ್ಜಿ, ಹಾಲಿಗೆ ನೀರು ಹಾಕಿದೀನಿ. ಪರೀಕ್ಷೆಗೆ!"

ತೋಟದಲ್ಲಿ ಮೊಲಗಳು ಕ್ಯಾರೆಟ್ಟಿಗಾಗಿ ಸಮರ್ಥನ ಚಡ್ಡಿ ಹಿಡಿದೆಳೆದವು. ಟರ್ಕಿ ಕೋಳಿ ಗಂಟಲುಬ್ಬಿಸಿ ಗುಳುಗುಳು ಎಂದದ್ದೇ ತಡ, ಅವನು ಕಲ್ಲುಬೆಂಚಿನ ಮೇಲಿದ್ದ. ತಿಮ್ಮಪ್ಪನವರ ಹೆಂಡತಿ ಜಯಲಕ್ಷ್ಮಮ್ಮ ನಕ್ಕು, "ಇಳೀಲಾ ಮಗ, ಅದ್ಕೂ ನಿನ್ ಕಂಡ್ರೆ ಭಯ," ಎಂದರು. ಹಂಸ ಮಾತ್ರ ಏನನ್ನೂ ಮುಟ್ಟಲಿಲ್ಲ. ಬಾಟಲಿಯನ್ನು ಎದೆಗವಚಿಕೊಂಡು, "ಅದೆಲ್ಲಿ? ಅದೆಲ್ಲಿ?" ಎಂದು ಒಂದೇ ಸಮನೆ ಕೇಳುತ್ತಿದ್ದಳು.

ಸಂಜೆ ನಾಲ್ಕರ ಹೊತ್ತಿಗೆ ತಿಮ್ಮಪ್ಪನವರು ಬಂದು, "ಬಾರವ್ವ, ತೋರುಸ್ತೀನಿ," ಎಂದು ಹುಲ್ಲುಮೆದೆಯ ಹಿಂದಕ್ಕೆ ಕರೆದೊಯ್ದರು. ಕೊಳವಿರಲಿಲ್ಲ. ಗೂಟವಿತ್ತು. ಗೂಟಕ್ಕೆ ಕಟ್ಟಿದ, ಹಾಲಿನಷ್ಟೇ ಬೆಳ್ಳಗಿನ ಒಂದು ಹಸು, ನಮ್ಮನ್ನು ನೋಡುತ್ತ ಮೆಲುಕು ಹಾಕುತ್ತಿತ್ತು.

"ಇದೇಯ ಕಣವ್ವ, ನಮ್ ಬಿಳೀ ಅಸ."

ಅಸ. ಹಸ. ಹಸು! ನನಗೆ ಭೂಮಿ ಬಾಯಿ ತೆರೆಯಬಾರದೇ ಎನ್ನಿಸಿತು. ಅಜ್ಜಿ ನಕ್ಕೂ ನಕ್ಕೂ ಹುಲ್ಲಿನ ಮೇಲೆ ಕೂತುಬಿಟ್ಟಳು. "ಅಲ್ವೇ ಪ್ರಿಯಂವದಾ, ಬರೀ ಹಕಾರ ಕೊಟ್ಟಿದ್ರೆ ಸಾಕಾಗಿತ್ತು. ಸೊನ್ನೇನೂ ಯಾಕೆ ದಾನ ಮಾಡಿದೆ?"

"ಟೀವಿ! ಟೀವಿ!" ಎಂದು ಸಮರ್ಥ ಕುಣಿದ.

ಹಂಸಳ ಕೆಳದುಟಿ ನಡುಗಿತು. ಆದರೂ ಮುಂದೆ ಹೋಗಿ, ಅಲ್ಲೇ ಇದ್ದ ಖಾಲಿ ಬಕೆಟ್ಟಿಗೆ ಬಾಟಲಿಯನ್ನು ಬರಿದು ಮಾಡಿದಳು. ಹಸು ಮೂತಿ ಇಳಿಸಿತು. ಸೊರ್ರ್ ಎಂದು ಎಲ್ಲವನ್ನೂ ಕುಡಿದು, ಬಕೆಟ್ಟಿನ ತಳ ನೆಕ್ಕಿ, ಅವಳ ಕೈಯನ್ನೂ ನೆಕ್ಕಿತು.

"ನೀರೂ ಕುಡಿದ್ಬಿಡ್ತು ಚಿಕ್ಕೀ..." ಅಳು ಕಿತ್ತುಕೊಂಡು ಬಂತು. ಅವಳನ್ನು ಎತ್ತಿಕೊಂಡೆ. ಸಮಾಧಾನಕ್ಕೆ ಹೇಳಲು ನನ್ನ ಹತ್ತಿರ ಕಥೆಗಳಷ್ಟೇ ಇದ್ದವು, ಅವುಗಳ ಮಾನವೇ ಆಗ ಹೋಗುತ್ತಿತ್ತು.

"ಅಳಬ್ಯಾಡ ಕಣವ್ವ, ನೊರೆ ಆಲು ಕುಡಿಯೀವಂತೆ," ಎಂದು ಜಯಲಕ್ಷ್ಮಮ್ಮ ಚೊಂಬು ತಂದು ಕೂತರು. ಕರುವನ್ನು ಬಿಟ್ಟು, ಕಟ್ಟಿ, ಕರೆಯತೊಡಗಿದರು. ಚರ್ ಚರ್ ಸದ್ದಿಗೆ ಹಂಸ ಬಿಕ್ಕುತ್ತಲೇ ನನ್ನ ಸೊಂಟದಿಂದ ಜಾರಿ ಹೋಗಿ ಚೊಂಬಿನೊಳಗೆ ಇಣುಕಿದಳು.

"ಇದ್ರಲ್ಲಿ ನೀರೆಷ್ಟಿದೆ?"

ಜಯಲಕ್ಷ್ಮಮ್ಮನ ಕೈ ನಿಂತಿತು. "ನೀರಾ! ನಮ್ ಆಲಲ್ಲಾ? ಡೈರೀಲಿ ದಿನಾ ಕಡ್ಡಿ ಬುಟ್ಟು ನೋಡ್ತಾರೆ, ಇವತ್ತಿನ್ ಗಂಟ ಒಬ್ರೂ ತುಟಿ ಪಿಟಕ್ ಅಂದಿಲ್ಲ. ಈಗ ಈ ಚೋಟುದ್ದ ಇನಿಸ್ಪೆಟ್ರು ಬಂದ್ಬುಟ್ಳು ನೋಡಿ!"

"ಒಂದ್ ತೊಟ್ಟೂ ಇಲ್ವಾ?"

"ನಮ್ಮಪ್ಪನಾಣೆಗೂ ಇಲ್ಲ!"

ಹಂಸ ಮೂಗೊರೆಸಿಕೊಂಡು ಅಣ್ಣನ ಕಡೆ ತಿರುಗಿದಳು. "ನೋಡು. ನೀರು ಕುಡಿಸಿದ್ದು ನಾನೇ. ಬಂದಿದ್ದು ಬರೀ ಹಾಲು. ಬೇರೆ ಮಾಡ್ತು!"

ಸಮರ್ಥನ ಕುಣಿತ ನಿಂತಿತು. "ಅದು ಹಂಸ ಅಲ್ವಲ್ಲ..."

"ಬೇರೆ ಮಾಡ್ತೋ ಇಲ್ವೋ?"

ಸಮರ್ಥ ತಲೆ ಕೆರೆದುಕೊಂಡ. "ಹಂಗಾದ್ರೆ ನೀರು ಎಲ್ಲಿ ಹೋಯ್ತು?"

ಪ್ರಶ್ನೆ ಯಾರಿಗೆ ಅರ್ಥವಾಯಿತೋ ಬಿಟ್ಟಿತೋ, ಹಸು ಬಾಲ ಎತ್ತಿತು. ಜಯಲಕ್ಷ್ಮಮ್ಮ ಚೊಂಬು ಎತ್ತಿಕೊಂಡು ಪಕ್ಕಕ್ಕೆ ಹಾರಿದರು. ಸಮರ್ಥ ಹಾರುವುದರೊಳಗೆ ಅವನ ಹೊಸ ಚಪ್ಪಲಿ ತೊಯ್ದುಹೋಗಿತ್ತು.

"ತಗೊಳ್ಳಪ್ಪ," ಎಂದಳು ಅಜ್ಜಿ, "ಹಾಲು ಆ ಕಡೆ, ನೀರು ಈ ಕಡೆ."

ತಿಮ್ಮಪ್ಪನವರು ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಸಮರ್ಥ ಚಪ್ಪಲಿಯನ್ನು ನೋಡಿದ, ಹಸುವನ್ನು ನೋಡಿದ, ಕೊನೆಗೆ ತಾನೂ ನಕ್ಕುಬಿಟ್ಟ.

ವಾಪಸು ಬಸ್ಸಿನಲ್ಲಿ ಹಂಸ ನನ್ನ ತೊಡೆಯ ಮೇಲೆ ನಿದ್ದೆಹೋಗಿದ್ದಳು. ತುಟಿಯ ಮೇಲೆ ಇನ್ನೂ ನೊರೆಯ ಮೀಸೆಯಿತ್ತು. ಕಿಟಕಿಯ ಹತ್ತಿರ ಬರಿಗಾಲಲ್ಲಿ ಕೂತಿದ್ದ ಸಮರ್ಥ ನನ್ನ ಸೆರಗೆಳೆದು ಮೆಲ್ಲಗೆ ಕೇಳಿದ:

"ಚಿಕ್ಕಿ, ಇವತ್ತು ಊಟಕ್ಕೆ ಯಾವ ಕಥೆ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸೀಟಿನಿಂದ ಅಜ್ಜಿಯ ದನಿ ಬಂತು.

"ಸೊನ್ನೆ ಕಳಕೊಂಡ ಹಂಸದ್ದು ಕಣೋ. ಇವತ್ತು ನಾನೇ ಹೇಳ್ತೀನಿ."