ಇನ್ನೂರ ಹನ್ನೊಂದನೇ ಪುಟ

ಬೆಳಿಗ್ಗೆ ಏಳೂವರೆಗೆ ದೊಡ್ಡಮ್ಮ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದಳು. ಕಿಟಕಿಯ ಹತ್ತಿರ ಕೂತ ತಂಗಿ ಮಗಳು ಕಣ್ಣು ಮುಚ್ಚಿಕೊಂಡು, ಮೊಣಕಾಲು ಅಲ್ಲಾಡಿಸುತ್ತ, ಜೀವಶಾಸ್ತ್ರವನ್ನು ಒಂದೇ ಉಸಿರಿಗೆ ಒಪ್ಪಿಸುತ್ತಿದ್ದಳು.

“ಬಲ ಹೃತ್ಕುಕ್ಷಿಯಿಂದ ಮಹಾಪಧಮನಿ ಹೊರಟು ಶುದ್ಧ ರಕ್ತವನ್ನು ದೇಹದ ಎಲ್ಲ ಭಾಗಗಳಿಗೂ ಒಯ್ಯುತ್ತದೆ.”

“ಎಡ,” ಎಂದಳು ದೊಡ್ಡಮ್ಮ, ಕಾಲರನ್ನು ಮಗುಚಿ ಹಾಕುತ್ತ.

“ಬಲ.”

“ಎಡ ಕಣೇ. ಬಲದಿಂದ ಹೋಗೋದು ಪುಪ್ಪುಸಕ್ಕೆ.”

ಹುಡುಗಿ ಕಣ್ಣು ತೆರೆದಳು. “ಬುಕ್ಕಲ್ಲಿ ಬಲ ಅಂತಾನೇ ಇದೆ ದೊಡ್ಡಮ್ಮ. ಚಿತ್ರದಲ್ಲೂ ಹಾಗೇ ಇದೆ. ನೀನು ಟೈಪ್ ಮಾಡೋಳು, ಬರೆದಿರೋದು ಪ್ರೊಫೆಸರ್ರು. ಅವರಿಗಿಂತ ನಿಂಗೆ ಜಾಸ್ತಿ ಗೊತ್ತಾ?”

ಈ ಮಾತಿಗೆ ದೊಡ್ಡಮ್ಮನ ಪಿತ್ತ ನೆತ್ತಿಗೇರಿತು. ಏರದೆ ಏನು ಮಾಡೀತು, ಹೇಳಿ. ‘ಸಕಲ ವಿಷಯ ನೋಟ್ಸ್’ ಎಂಬ ಆ ದಪ್ಪ ಪುಸ್ತಕದ ರಟ್ಟಿನ ಮೇಲೆ ಕೋಟು ಹಾಕಿಕೊಂಡು ನಗುವ ಪ್ರೊಫೆಸರು ತನ್ನ ಇಡೀ ಜನ್ಮದಲ್ಲಿ ಪಾಠ ಮಾಡಿದ್ದು ಅರ್ಥಶಾಸ್ತ್ರವನ್ನು ಮಾತ್ರ. ನೋಟ್ಸಿನ ಒಂದು ಅಕ್ಷರವನ್ನೂ ಆತ ಬರೆದವನಲ್ಲ. ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ಭೌತ, ರಸಾಯನ, ಜೀವ, ಗಣಿತ, ಏಳಕ್ಕೆ ಏಳನ್ನೂ ಹದಿನಾಲ್ಕು ವರ್ಷದಿಂದ ಬರೆಯುತ್ತ ಬಂದವಳು ಈಕೆ. ಪಠ್ಯಪುಸ್ತಕ ಹತ್ತು ಪುಟದಲ್ಲಿ ಸುತ್ತಿ ಬಳಸಿ ಹೇಳಿದ್ದನ್ನು ಒಂದು ಪುಟಕ್ಕೆ ಇಳಿಸುವುದು, ಅದೂ ದಡ್ಡರಿಗೂ ತಲೆಗೆ ಹತ್ತುವ ಹಾಗೆ ಇಳಿಸುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಆದರೆ ಹೆಂಗಸೊಬ್ಬಳು ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಬರೆದದ್ದು ಎಂದರೆ ಯಾರೂ ಕೊಳ್ಳುವುದಿಲ್ಲವಂತೆ. ಹಾಗೆಂದು ಅಂಗಡಿಯವನು ಯಾರಿಗೂ ಹೇಳುವುದಿಲ್ಲವೆಂದು ಮಾತು ತೆಗೆದುಕೊಂಡಿದ್ದ. ಅವಳೂ ಬಾಯಿಗೆ ಬೀಗ ಹಾಕಿಕೊಂಡು ಮನೆಯಲ್ಲಿ ಕೂಡ ಟೈಪಿಂಗ್ ಕೆಲಸ ಎಂದೇ ಹೇಳಿಕೊಂಡು ಬಂದಿದ್ದಳು.

ಪುಸ್ತಕ ಕಿತ್ತುಕೊಂಡು ನೋಡಿದಳು. ಇನ್ನೂರ ಹನ್ನೊಂದನೇ ಪುಟ. ಮಾತು ಅವಳದೇ, ವಾಕ್ಯ ಅವಳದೇ, ಎಡ ಇದ್ದಲ್ಲಿ ಬಲ, ಬಲ ಇದ್ದಲ್ಲಿ ಎಡ. ಚಿತ್ರದಲ್ಲಿ ಬಾಣದ ಗುರುತುಗಳೂ ಅದಲುಬದಲು. ವರ್ಷ ಬಿಡದೆ ಕೇಳುವ ಐದು ಅಂಕದ ಪ್ರಶ್ನೆ ಅದು.

“ಇದು ತಪ್ಪು. ಎಡ ಅಂತ ಬರಿ ಪುಟ್ಟಿ, ನನ್ನ ಮಾತು ಕೇಳು.”

“ಕೊನೇ ಗಳಿಗೇಲಿ ತಲೆ ಕೆಡಿಸ್ಬೇಡ ದೊಡ್ಡಮ್ಮ. ಮೊದಲೇ ಭಯ ಆಗ್ತಿದೆ.”

ಭಯ ಸಹಜವೇ. ಹೋದ ವರ್ಷ ಇದೇ ಜೀವಶಾಸ್ತ್ರದಲ್ಲಿ ಹುಡುಗಿ ಎರಡೇ ಎರಡು ಅಂಕದಿಂದ ಫೇಲಾಗಿದ್ದಳು. ಉಳಿದದ್ದೆಲ್ಲ ಪಾಸು. ರಕ್ತಪರೀಕ್ಷೆಯ ಲ್ಯಾಬಿನ ತರಬೇತಿಗೆ ಸಿಕ್ಕಿದ್ದ ಸೀಟನ್ನು ಅಲ್ಲಿಯವರು ಒಂದು ವರ್ಷ ತಡೆದು ಇಟ್ಟಿದ್ದರು, ಇನ್ನೊಂದು ವರ್ಷ ಇಡುವುದಿಲ್ಲ ಎಂದು ಕಾಗದ ಬರೆದಿದ್ದರು. ತಂಗಿ ದೂರದೂರಿನ ಆಸ್ಪತ್ರೆಯಲ್ಲಿ ನರ್ಸು. ಮಗಳನ್ನು ಓದಿಸು ಎಂದು ಅಕ್ಕನ ಕೈಗೆ ಒಪ್ಪಿಸಿ ಹೋಗಿದ್ದಳು. ಅಕ್ಕ ಆ ಹುಡುಗಿಯನ್ನು ವರ್ಷವಿಡೀ ಅಂದು ಆಡಿ ಹಣ್ಣು ಮಾಡಿದ್ದಳು. ಎರಡು ಅಂಕ, ಎರಡೇ ಎರಡು, ಸರಿಯಾಗಿ ಓದಿದ್ದರೆ ಬರುತ್ತಿರಲಿಲ್ಲವೇ, ಕಿಟಕಿಯಲ್ಲಿ ಏನು ನೋಡ್ತೀಯ, ಪುಸ್ತಕ ನೋಡು. ಬಡಪಾಯಿ ಎದುರು ಮಾತಾಡದೆ ಪುಸ್ತಕ ನೋಡುತ್ತಿತ್ತು.

ಕೆಳಗೆ ಗೆಳತಿಯರು ಕೂಗಿದರು. ಹುಡುಗಿ ಬಿಸಿ ಆರದ ಬಟ್ಟೆ ತೊಟ್ಟು ಓಡಿದಳು. ದೊಡ್ಡಮ್ಮ ಚಪ್ಪಲಿ ಮೆಟ್ಟಿ ನೆಟ್ಟಗೆ ಅಂಗಡಿಯ ದಾರಿ ಹಿಡಿದಳು. ಇದೊಂದು ಪ್ರತಿಯಲ್ಲಿ ಆದ ಎಡವಟ್ಟೋ, ಎಲ್ಲದರಲ್ಲೂ ಹೀಗೆಯೋ, ಮೊದಲು ಅದು ಗೊತ್ತಾಗಬೇಕಿತ್ತು.

ಅಂಗಡಿಯವನನ್ನು ಕಾಲೇಜಿನ ಹುಡುಗರೆಲ್ಲ ಜೆರಾಕ್ಸಣ್ಣ ಎಂದು ಕರೆಯುತ್ತಿದ್ದರು. ಅವನು ಆಗಷ್ಟೇ ಯಂತ್ರ ಚಾಲೂ ಮಾಡಿ ಕಾಗದದ ಕಟ್ಟು ಬಿಚ್ಚುತ್ತಿದ್ದ. ದೊಡ್ಡಮ್ಮ ಗೋಡೆಗೆ ಒರಗಿಸಿಟ್ಟಿದ್ದ ರಾಶಿಯಿಂದ ಒಂದು ಪುಸ್ತಕ ಎಳೆದಳು. ಇನ್ನೊಂದು ಎಳೆದಳು. ಮೂರನೆಯದನ್ನು ನೋಡುವ ಗೋಜಿಗೆ ಹೋಗಲಿಲ್ಲ.

“ಈ ಪುಟಕ್ಕೆ ಕೈ ಹಾಕಿದ್ದು ಯಾರು?”

“ಅಕ್ಕ, ಕೂತ್ಕೊಳ್ಳಿ. ನೀರು ಕುಡೀರಿ.”

“ನೀರು ಆಮೇಲೆ. ಯಾರು?”

ಅವನು ಅಂಗೈ ಉಜ್ಜಿಕೊಂಡ. ಅವರ ಕಸುಬಿನಲ್ಲಿ ಒಂದು ಪದ್ಧತಿ ಉಂಟು. ನೋಟ್ಸು ಬರೆಯುವಾಗ ಒಂದೊಂದು ವಿಷಯದಲ್ಲೂ ಬೇಕೆಂದೇ ಒಂದು ಸಣ್ಣ ತಪ್ಪು ಇಡುವುದು. ಎದುರಿನ ಅಂಗಡಿಯವನು ಕದ್ದು ಅಚ್ಚು ಹಾಕಿದರೆ, ಅದೇ ತಪ್ಪು ಅವನ ಪುಸ್ತಕದಲ್ಲೂ ಕಾಣುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಇದಕ್ಕೆ ಗುರುತಿನ ತಪ್ಪು ಎನ್ನುತ್ತಿದ್ದರು. ಅದನ್ನು ಇಡುತ್ತಿದ್ದವಳು ದೊಡ್ಡಮ್ಮನೇ. ಪರೀಕ್ಷೆಗೆ ಬಾರದ, ಯಾರೂ ತಿರುಗಿ ನೋಡದ ಮೂಲೆ ಹುಡುಕಿ ಇಡುವುದರಲ್ಲಿ ಅವಳದು ಪಳಗಿದ ಕೈ. ಈ ವರ್ಷ ಜೆರಾಕ್ಸಣ್ಣನಿಗೆ ಅದು ಸಾಲದು ಎನ್ನಿಸಿತ್ತು. ಎದುರಿನವನಿಗೆಂದೇ ದೊಡ್ಡದೊಂದು ತಪ್ಪಿಟ್ಟು ಹತ್ತು ಪ್ರತಿ ಮಾಡಿಸಿ, ಅವನ ಕೈಗೆ ಸಿಗುವ ಹಾಗೆ ಬಿಟ್ಟಿದ್ದ. ಆಮೇಲೆ ಅಚ್ಚಿನ ಮನೆಗೆ ಕಳಿಸುವಾಗ, ಬುದ್ಧಿವಂತ, ಸರಿಯಾದ ಪ್ರತಿಯ ಬದಲು ಆ ಬಲೆಯ ಪ್ರತಿಯನ್ನೇ ಕಳಿಸಿದ್ದ.

“ಎಷ್ಟು ಪುಸ್ತಕ?”

“ಎಲ್ಲಾನೂ.”

“ನಿಮಗೆ ಯಾವಾಗ ಗೊತ್ತಾಯ್ತು?”

“ಹದಿನೈದು ದಿನ ಆಯ್ತು.” ಅವನು ಯಂತ್ರದ ಕಡೆ ನೋಡಿದ. “ಅಷ್ಟೊತ್ತಿಗೆ ಎಲ್ಲ ಹೋಗಿಬಿಟ್ಟಿತ್ತು ಅಕ್ಕ. ಐದು ಮಾರ್ಕು ತಾನೆ. ಐದು ಮಾರ್ಕಿಗೆ ಯಾರ ಮನೆ ಮುಳುಗುತ್ತೆ?”

ಹದಿನೈದು ದಿನದಿಂದ ಈ ಮನುಷ್ಯ ದಿನಾ ಅವಳ ಮುಖ ನೋಡಿ, ಅಕ್ಕ ಊಟ ಆಯ್ತಾ ಎಂದು ಕೇಳುತ್ತಿದ್ದ. ಅದು ನೆನಪಾಗಿ ದೊಡ್ಡಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವನನ್ನು ಏಕವಚನದಲ್ಲಿ ಮಾತಾಡಿಸಿದಳು.

“ಈಗಲೇ ಒಂದು ಚೀಟಿ ಹೊಡಿ. ತಪ್ಪಾಗಿದೆ, ಸರಿ ಇದು ಅಂತ. ಯಂತ್ರ ಇಲ್ಲೇ ಇದೆ, ಅರ್ಧ ಗಂಟೆ ಸಾಕು. ನಾನೇ ಹಂಚ್ತೀನಿ.”

“ಆಗಲ್ಲ ಅಕ್ಕ. ಎದುರಿನವನು ಆ ಚೀಟೀನ ಗೋಡೆಗೆ ಅಂಟಿಸ್ತಾನೆ. ಪ್ರೊಫೆಸರ ಹೆಸರು ಏನಾಗ್ಬೇಕು?”

“ಪ್ರೊಫೆಸರ ಹೆಸರು. ಆ ಮಹಾರಾಯನಿಗೆ ತನ್ನ ಹೃದಯ ಯಾವ ಕಡೆ ಇದೆ ಅಂತ ಗೊತ್ತೇನಪ್ಪ?”

“ನೀವು ಗೇಟಿನ ಹತ್ರ ಹೋಗಿ ಬಾಯಿ ಬಿಟ್ರೆ ನಾಳೆಯಿಂದ ಕೆಲಸಕ್ಕೆ ಬರೋದು ಬೇಡ.”

“ಬರಲ್ಲ,” ಎಂದು ದೊಡ್ಡಮ್ಮ ಮೆಟ್ಟಿಲಿಳಿದಳು.

ಪರೀಕ್ಷಾ ಕೇಂದ್ರದ ಗೇಟು ಮುಚ್ಚಿತ್ತು. ಒಂಬತ್ತೂವರೆ. ಹತ್ತಕ್ಕೆ ಪರೀಕ್ಷೆ. ನೂರಾರು ಹುಡುಗ ಹುಡುಗಿಯರು ಪಾದಚಾರಿ ದಾರಿಯ ಮೇಲೆ, ನಿಂತ ವಾಹನಗಳ ಮೇಲೆ, ಕಾಂಪೌಂಡಿನ ಕಟ್ಟೆಯ ಮೇಲೆ ಕೂತು ನಿಂತು ತುಟಿ ಅಲ್ಲಾಡಿಸುತ್ತಿದ್ದರು. ಮುಕ್ಕಾಲು ಪಾಲು ಮಂದಿಯ ಕೈಯಲ್ಲಿ, ರಟ್ಟಿನ ಮೇಲೆ, ಪ್ರೊಫೆಸರು ನಗುತ್ತಿದ್ದ.

“ಎಲ್ಲ ಇನ್ನೂರ ಹನ್ನೊಂದನೇ ಪುಟ ತೆಗೀರಿ. ಹೃದಯದ ಪಾಠ ತಪ್ಪಾಗಿ ಅಚ್ಚಾಗಿದೆ. ಎಡ ಬಲ ಅದಲುಬದಲಾಗಿದೆ.”

ಮೊದಲು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇನ್ನೊಮ್ಮೆ ಗಂಟಲೆತ್ತಿ ಹೇಳಿದಾಗ ಒಬ್ಬ ಗಡ್ಡದ ಹುಡುಗ ನಕ್ಕ. “ಎದುರು ಅಂಗಡಿಯವರು ಕಳಿಸಿರ್ಬೇಕು. ನೀವ್ಯಾರು ಆಂಟಿ, ಪ್ರೊಫೆಸರಿಗೆ ಪಾಠ ಹೇಳೋಕೆ?”

ಗುಂಪಿನ ನಡುವಿನಿಂದ ತಂಗಿ ಮಗಳು ಕೆಂಪಾದ ಮುಖ ಹೊತ್ತು ಬಂದು ತೋಳು ಹಿಡಿದಳು. “ದೊಡ್ಡಮ್ಮ, ದಮ್ಮಯ್ಯ, ಮನೆಗೆ ಹೋಗು. ಎಲ್ಲರೂ ನೋಡ್ತಿದಾರೆ.”

“ನೋಡಲಿ.” ತೋಳು ಕೊಡವಿಕೊಂಡು ಗಡ್ಡದವನ ಕಡೆ ತಿರುಗಿದಳು. “ನಾನ್ಯಾರು ಅಂತ ಕೇಳಿದೆಯಲ್ಲ. ಆ ಪುಸ್ತಕದಲ್ಲಿ ಯಾವ ಪುಟ ಬೇಕಾದ್ರೂ ತೆಗಿ.”

ಅವನು ತಮಾಷೆಗೆ ಮೂವತ್ತಾರು ಎಂದ.

“ಭೂಗೋಳ. ಮಣ್ಣಿನ ಸವಕಳಿ. ಮರ ಕಡಿದ ಗುಡ್ಡದ ಮಣ್ಣು ತಲೆಗೂದಲು ಉದುರಿದ ಬೋಳು ತಲೆಯಂತೆ, ನೀರು ನಿಲ್ಲುವುದಿಲ್ಲ. ಕಾರಣಗಳು ಐದು.” ಐದನ್ನೂ ಹೇಳಿದಳು.

ನೂರ ಎರಡು ಎಂದಳು ಇನ್ನೊಬ್ಬಳು.

“ಅರ್ಥಶಾಸ್ತ್ರ. ಉಳಿದ ಅಂಶಗಳು ಸ್ಥಿರವಾಗಿದ್ದಾಗ ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ. ಕೆಳಗೆ ಕೊಡೆಯ ಉದಾಹರಣೆ ಇದೆ, ಅದರ ಕೆಳಗೆ ರೇಖಾಚಿತ್ರ.”

ರಸಾಯನ ಕೇಳಿದರು, ಲಿಟ್ಮಸ್ ಕಾಗದದಿಂದ ಹಿಡಿದು ಪುಟದ ಕೊನೆಯ ಸಮೀಕರಣದವರೆಗೆ ಹೇಳಿದಳು. ಇತಿಹಾಸ ಕೇಳಿದರು, ಇಸವಿಗಳನ್ನು ನೆನಪಿಡಲು ತಾನೇ ಕಟ್ಟಿದ್ದ ಪ್ರಾಸವನ್ನು ಬೀದಿಯಲ್ಲಿ ನಿಂತು ಹಾಡಿದಳು. ಸಿಟ್ಟಿನಲ್ಲಿ ಅವಳ ನಾಲಿಗೆ ಒಂದು ಕಡೆಯೂ ತೊದಲಲಿಲ್ಲ. ಹುಡುಗರು ಪುಟದ ಮೇಲೆ ಬೆರಳಿಟ್ಟು ಸಾಲು ಸಾಲೇ ನೋಡುತ್ತಿದ್ದರು, ಒಂದು ಅಕ್ಷರ ಆಚೀಚೆ ಆಗಲಿಲ್ಲ.

“ಇದನ್ನ ನಾನು ಬರೆದಿದ್ದು,” ಎಂದಳು. “ಹದಿನಾಲ್ಕು ವರ್ಷ ನಾನೇ ಬರೆದಿದ್ದು. ನೀವು ಅವನ ಫೋಟೋ ನೋಡಿ ಕೊಂಡ್ಕೊಂಡ್ರಿ. ಈಗ ಪೆನ್ನು ತೆಗೀರಿ.”

ಪೆನ್ನುಗಳು ಹೊರಬಂದವು. ಗಡ್ಡದವನದು ಎಲ್ಲರಿಗಿಂತ ಮೊದಲು. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ, ಬಲದಿಂದ ಪುಪ್ಪುಸಕ ಅಪಧಮನಿ, ಎಂದು ಅವಳು ಹೇಳುತ್ತ ಹೋದಳು, ಗುಂಪಿನಿಂದ ಗುಂಪಿಗೆ ಮಾತು ದಾಟುತ್ತ ಹೋಯಿತು. ತಂಗಿ ಮಗಳು ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದಳು. ನೀನಾ, ಎಂದು ಎರಡು ಸಲ ಅಂದಳು. ದೊಡ್ಡಮ್ಮನಿಗೆ ಆ ಸಿಟ್ಟಿನಲ್ಲೂ ಒಳಗೊಳಗೇ ಹಿಗ್ಗಾಯಿತು. ಯಾಕಾಗಬಾರದು.

ದಪ್ಪ ಕನ್ನಡಕದ ಹುಡುಗಿಯೊಬ್ಬಳು ಕೇಳಿದಳು. “ಮೇಡಂ, ಜೀವಶಾಸ್ತ್ರದಲ್ಲಿ ಬೇರೆ ಎಲ್ಲಾದ್ರೂ ತಪ್ಪಿದೆಯಾ?”

ಇಷ್ಟು ಹೇಳಿದ ಮೇಲೆ ಅದೊಂದನ್ನು ಯಾಕೆ ಮುಚ್ಚಿಡಬೇಕು ಎಂದುಕೊಂಡಳು ದೊಡ್ಡಮ್ಮ.

“ಒಂದಿದೆ. ಇನ್ನೂರ ನಲವತ್ತನೇ ಪುಟ, ಅಡಿಯಲ್ಲಿ ಸಣ್ಣಕ್ಷರದಲ್ಲಿ. ಜಿರಳೆ ಹೃದಯಕ್ಕೆ ಹನ್ನೆರಡು ಕೋಣೆ ಅಂತಿದೆ, ಹದಿಮೂರು ಅಂತ ಮಾಡ್ಕೊಳ್ಳಿ. ಕದಿಯೋರನ್ನ ಹಿಡಿಯೋಕೆ ಗುರುತಿಗೆ ಅಂತ ಮೂರು ವರ್ಷದಿಂದ ನಾನೇ ಹಾಗೆ ಇಟ್ಟಿದ್ದು. ಅದನ್ನೆಲ್ಲ ಯಾವ ಪುಣ್ಯಾತ್ಮನೂ ಕೇಳಲ್ಲ, ಬಿಡಿ.”

ಒಂದಿಬ್ಬರು ನಕ್ಕರು.

“ಕೇಳಿದ್ರು,” ಎಂದಳು ತಂಗಿ ಮಗಳು.

ದೊಡ್ಡಮ್ಮ ತಿರುಗಿದಳು.

“ಹೋದ ವರ್ಷ. ಒಂದು ಪದದ ಉತ್ತರದ ಹಾಳೇಲಿ. ಅದನ್ನ ಅಲ್ಲೇ ವಾಪಸ್ ಇಸ್ಕೋತಾರಲ್ಲ, ನಿಂಗೆ ಹೇಗೆ ಗೊತ್ತಾಗ್ಬೇಕು.” ಹುಡುಗಿ ಜೋರು ಮಾಡಲಿಲ್ಲ. “ಎರಡು ಮಾರ್ಕಿಂದು. ಚೆನ್ನಾಗಿ ನೆನಪಿತ್ತು. ಹನ್ನೆರಡು ಅಂತ ಬರೆದೆ.”

ಬೆಳಿಗ್ಗೆಯಿಂದ ಜೆರಾಕ್ಸಣ್ಣನ ಮೇಲೆ, ಪ್ರೊಫೆಸರನ ಮೇಲೆ, ಗಡ್ಡದವನ ಮೇಲೆ ಹರಿದ ಸಿಟ್ಟಿಗೆ ಈಗ ಹೋಗಲು ಬೇರೆ ಜಾಗವಿರಲಿಲ್ಲ. ವರ್ಷವಿಡೀ ಆ ಮಗುವಿಗೆ ಅಂದ ಮಾತುಗಳು ಒಂದೊಂದಾಗಿ ನೆನಪಾದವು. ಎರಡು ಅಂಕ, ಎರಡೇ ಎರಡು. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಎನ್ನಿಸಿತು.

ಒಳಗೆ ಗಂಟೆ ಹೊಡೆಯಿತು. ಕಾವಲುಗಾರ ಗೇಟಿನ ಚಿಲಕ ಎಳೆದ. ಹುಡುಗರು ಪುಸ್ತಕಗಳನ್ನು ಕಟ್ಟೆಯ ಮೇಲೆ ಬಿಟ್ಟು ನುಗ್ಗತೊಡಗಿದರು.

“ಹೃದಯದ್ದು ಇನ್ನೊಂದ್ಸಲ ಹೇಳು ದೊಡ್ಡಮ್ಮ. ಬೇಗ.”

“ಎಡದಿಂದ ಮಹಾಪಧಮನಿ. ಬಲದಿಂದ ಪುಪ್ಪುಸಕ್ಕೆ.”

“ನಿಜಾನಾ?”

“ನಿಜ ಕಣೇ.”

ಹುಡುಗಿ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕದಲ್ಲಿ ಹಾದುಹೋಗುತ್ತಿದ್ದ ಕನ್ನಡಕದವಳನ್ನು ನಿಲ್ಲಿಸಿದಳು. “ನಿನ್ನ ಹತ್ರ ಪಠ್ಯಪುಸ್ತಕ ಇದೆಯಲ್ಲ, ಒಂದ್ನಿಮಿಷ ಕೊಡು.” ಗೇಟಿನ ಕಂಬಕ್ಕೆ ಒರಗಿ ಪುಟ ಹುಡುಕಿ, ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಪುಸ್ತಕ ಹಿಂದಿರುಗಿಸಿ ಒಳಗೆ ಹೋದಳು.