ಒಡ್ಡು ಕಡಿದವನ ಹೆಸರು

ಶೀನಪ್ಪನನ್ನು ಕೊಲ್ಲಬೇಕು ಅಂತ ಆದಂ ಕುಂಞಿಗೆ ಅನಿಸಿದ್ದು ಎರಡು ಸಲ. ಮೊದಲನೆಯ ಸಲ ಮೈಯಲ್ಲಿ ಶಕ್ತಿ ಇರಲಿಲ್ಲ. ತಾಯಿಯನ್ನು ಮಣ್ಣು ಮಾಡಿ ಮೂರು ದಿನ ಆಗಿತ್ತಷ್ಟೆ. ಎರಡನೆಯ ಸಲ ಎಲ್ಲವೂ ಅವನ ಕೈಯಲ್ಲೇ ಇತ್ತು.

ಅವನು ಉಪ್ಪಿನಂಗಡಿಯ ದೋಣಿಯವನು. ನೇತ್ರಾವತಿಯೂ ಕುಮಾರಧಾರೆಯೂ ಕೂಡುವ ಜಾಗದಿಂದ ಕೂಗಳತೆಯ ದೂರದಲ್ಲಿ, ಹೊಳೆಬದಿ ಕೇರಿಯಲ್ಲಿ ಅವನ ಮನೆ. ತಾಯಿ ರುಖಿಯಮ್ಮ ಸೊಂಟ ಬಿದ್ದು ಮಲಗಿದಲ್ಲೇ ಇದ್ದಳು. ತಮ್ಮ ಅದ್ದುವಿಗೆ ಇಪ್ಪತ್ತೆರಡು ವರ್ಷ. ಅವನದೂ ದೋಣಿಯ ಕೆಲಸವೇ. ಪಕ್ಕದ ಮನೆಯ ದೇವಮ್ಮನಿಗೆ ದುಗ್ಗು ಅಂತ ಆರು ವರ್ಷದ ಮಗಳಿದ್ದಳು. ಅದ್ದು ದೋಣಿ ಬಿಚ್ಚುವಾಗಲೆಲ್ಲ ಆ ಹುಡುಗಿ ಓಡಿ ಬಂದು ಹತ್ತಿ ಕೂತುಬಿಡುತ್ತಿದ್ದಳು.

ಕೇರಿಗೂ ಹೊಳೆಗೂ ನಡುವೆ ಇದ್ದದ್ದು ಆಳೆತ್ತರದ ಒಂದು ಮಣ್ಣಿನ ಒಡ್ಡು. ಒಡ್ಡಿನ ಆಚೆ, ಹೊಳೆಯ ಬದಿಯ ಸಮತಟ್ಟಿನಲ್ಲಿ, ಶೀನಪ್ಪನ ಮರದ ಡಿಪೋ. ಘಟ್ಟದ ಬುಡದಲ್ಲಿ ಕಡಿದ ಮರಗಳು ಕುಮಾರಧಾರೆಯಲ್ಲಿ ತೇಲಿಕೊಂಡು ಬರುತ್ತಿದ್ದವು. ಅವನ್ನು ಅಲ್ಲಿ ದಡಕ್ಕೆ ಎಳೆದು ಗಾಡಿಯಲ್ಲಿ ರಸ್ತೆಗೆ ಸಾಗಿಸಬೇಕು. ಗಾಡಿ ಒಡ್ಡನ್ನು ಸುತ್ತಿ ಬರುವುದಕ್ಕೆ ಎರಡು ಫರ್ಲಾಂಗು ದಾರಿ. ಐವತ್ತನಾಲ್ಕರ ಬೇಸಿಗೆಯಲ್ಲಿ ಶೀನಪ್ಪ ಆ ಸುತ್ತು ಬೇಡವೆಂದು ಒಡ್ಡನ್ನೇ ಎಂಟು ಅಡಿ ಅಗಲಕ್ಕೆ ಕಡಿಸಿದ. ಕೇರಿಯವರು ಕೇಳಿದ್ದಕ್ಕೆ, "ಮಳೆಗೆ ಮೊದಲು ಮುಚ್ಚಿಸ್ತೇನೆ, ನಿಮಗೆ ಎಂತಕ್ಕೆ ಹೆದರಿಕೆ?" ಅಂದ. ಮುಚ್ಚಿಸಿದ್ದೂ ಹೌದು. ಆದರೆ ಮಣ್ಣನ್ನು ದಮ್ಮಸು ಹಾಕಿ ಕೂರಿಸಲಿಲ್ಲ. ತೆಂಗಿನ ಗರಿ, ಮರದ ಸಿಪ್ಪೆ, ಸಡಿಲ ಮಣ್ಣು ತುಂಬಿಸಿ ಮೇಲಿಂದ ಸವರಿಸಿದ.

ಆಟಿ ತಿಂಗಳ ಜಡಿಮಳೆಯ ಒಂದು ಮಧ್ಯಾಹ್ನ ಹೊಳೆ ಅಲ್ಲಿಂದಲೇ ನುಗ್ಗಿತು. ಆದಂ ಕುಂಞಿ ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದ. ಅದ್ದು ಈಚೆ ದಡದಲ್ಲಿ, ಕೇರಿಯ ಕೆಳಗಿನ ತುದಿಯಲ್ಲಿ ದೋಣಿ ಕಟ್ಟುತ್ತಿದ್ದವನು ಕೂಗು ಕೇಳಿ ದೋಣಿಯನ್ನು ಕೇರಿಯೊಳಗೇ ತಂದ. ಮನೆಗಳ ಮಾಡು ಹತ್ತಿದ್ದ ಏಳು ಜನರನ್ನು ಇಳಿಸಿದ. ತನ್ನ ಮನೆಗೆ ತಲುಪುವಾಗ ತಾಯಿಯ ಹಾಸಿಗೆ ಇದ್ದಲ್ಲಿ ನೀರು ಎದೆಮಟ್ಟ ಬಂದಿತ್ತು. ದುಗ್ಗು ಸಿಕ್ಕಿದ್ದು ಮರುದಿನ, ಒಂದು ಬಿದಿರ ಹಿಂಡಿಲಿನಲ್ಲಿ.

ನೀರು ಇಳಿದ ಮೇಲೆ ಶೀನಪ್ಪ ಕೇರಿಗೆ ನಾಲ್ಕು ಮುಡಿ ಅಕ್ಕಿ ಕಳಿಸಿದ. ಆಮೇಲೆ ತಾನೇ ಬಂದು ಎಲ್ಲರ ಎದುರು ಹೇಳಿದ. "ನಾನು ಮುಚ್ಚಿಸಿದ್ದು ಗಟ್ಟಿಯೇ ಇತ್ತು ಮಾರಾಯ್ರೆ. ದೋಣಿಯನ್ನು ಮೇಲೆ ಎಳೆಯುದಕ್ಕೆ ಅಂತ ಈ ಅದ್ದು ಅಲ್ಲಿ ಮಣ್ಣು ತೆಗೆದಿದ್ದಾನೆ. ಬೇಕಾದರೆ ಜತ್ತಪ್ಪನನ್ನು ಕೇಳಿ."

ಜತ್ತಪ್ಪ ಡಿಪೋದ ಆಳು. ಗುದ್ದಲಿ ಹಿಡಿದು ಒಡ್ಡು ಕಡಿದವನೇ ಅವನು. ಅವನು ನೆಲ ನೋಡುತ್ತ, "ನಾನು ಕಂಡಿದ್ದೇನೆ. ಅದ್ದುವೇ ತೆಗೆದದ್ದು" ಅಂದ.

"ಕಾಕ, ನಾನು ಒಂದು ಹಿಡಿ ಮಣ್ಣು ಸಹ ಮುಟ್ಟಿಲ್ಲ," ಅಂತ ಅದ್ದು ಅಣ್ಣನ ಕಡೆ ತಿರುಗಿದ. ಆದಂ ಕುಂಞಿ ಎಲ್ಲರಿಗೂ ಕೇಳುವ ಹಾಗೆ ಅದನ್ನೇ ಹೇಳಿದ. "ಇವನು ಮತ್ತೆಂತ ಹೇಳ್ತಾನೆ, ತಮ್ಮನಲ್ಲವಾ?" ಎಂದು ಯಾರೋ ಹಿಂದಿನಿಂದ ಅಂದರು. ದೇವಮ್ಮ ಎದ್ದು ಬಂದು ಅದ್ದುವಿನ ಮುಖಕ್ಕೆ ಉಗಿದಳು. ಅವನು ಒರೆಸಿಕೊಳ್ಳಲೂ ಇಲ್ಲ.

ಎರಡು ತಿಂಗಳು ಅವನು ದೋಣಿಗೆ ಇಳಿದರೆ ಯಾರೂ ಹತ್ತಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಸುಳ್ಯಕ್ಕೆ ಹೋಗಿ, ಅಲ್ಲಿಂದ ಸಂಪಾಜೆ ಘಾಟಿ ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಸೇರಿದ. ಮರುವರ್ಷದ ಮಳೆಗಾಲದಲ್ಲಿ ಒಂದು ಕಾರ್ಡು ಬಂತು. ಜ್ವರ ಬಂದು ತೀರಿಕೊಂಡನೆಂದೂ ಅಲ್ಲಿಯೇ ದಫನ ಮಾಡಿದರೆಂದೂ ತೋಟದ ರೈಟರು ಬರೆದಿದ್ದ.

ಆದಂ ಕುಂಞಿ ಕೇರಿ ಬಿಡಲಿಲ್ಲ. ಮದುವೆಯಾಗಲಿಲ್ಲ. ದಿನಕ್ಕೆ ಎರಡು ಸಲ ಡಿಪೋದ ಎದುರು ದೋಣಿ ನಡೆಸುತ್ತಿದ್ದ. ದಿನಕ್ಕೆ ಎರಡು ಸಲ ಶೀನಪ್ಪನ ಮುಖ ನೋಡುತ್ತಿದ್ದ.

ಜಿಲ್ಲೆ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಬಂದ ಮೇಲೆ ಕೇರಿಯವರ ಅರ್ಜಿಗೆ ಬೆಲೆ ಬಂತು. ಅರುವತ್ತೊಂದರಲ್ಲಿ ಒಬ್ಬ ಓವರ್ಸಿಯರು ಬಂದು, ಮಣ್ಣಿನ ಒಡ್ಡನ್ನು ತೆಗೆಸಿ ಕಗ್ಗಲ್ಲಿನ ತಡೆಗೋಡೆ ಕಟ್ಟಿಸುವ ಕೆಲಸ ಸುರುಮಾಡಿದ. ಗೋಡೆ ಡಿಪೋದ ಆಚೆ, ಹೊಳೆಯ ಅಂಚಿನಲ್ಲೇ ಬರಲಿ ಎಂದು ಅವನ ಲೆಕ್ಕ. ಶೀನಪ್ಪ ಒಪ್ಪಲಿಲ್ಲ. ಮರ ಎಳೆಯುವುದಕ್ಕೆ ಗೋಡೆ ಅಡ್ಡವಾಗುತ್ತದೆ, ಡಿಪೋ ಹೊರಗೆ ಇದ್ದರೆ ತನಗೆ ಚಿಂತೆಯಿಲ್ಲ ಎಂದು ಬರೆದುಕೊಟ್ಟ. ಗೋಡೆ ಹಿಂದಿನ ಒಡ್ಡಿನ ಜಾಡಿನಲ್ಲೇ ಎದ್ದಿತು. ಹತ್ತಡಿ ಎತ್ತರ. ಗಾಡಿ ಹೋಗಿಬರಲು ನಡುವೆ ಒಂದು ಕಿಂಡಿ ಬಿಟ್ಟರು. ಕಿಂಡಿಯ ಎರಡೂ ಬದಿಯ ಕಲ್ಲಿನಲ್ಲಿ ಮೇಲಿಂದ ಕೆಳಗೆ ಎರಡೆರಡು ಸೀಳು ಕೊರೆದರು. ನೆರೆ ಬಂದರೆ ಆ ಸೀಳುಗಳಲ್ಲಿ ಎರಡು ಸಾಲು ಹಲಗೆ ಇಳಿಸಿ, ಸಾಲುಗಳ ನಡುವೆ ಅಂಟು ಮಣ್ಣು ತುಳಿದು ತುಂಬಿಸಬೇಕು. ತೋಡಿನ ನೀರಿಗೆ ಅಡ್ಡ ಕಟ್ಟ ಹಾಕುವವರೆಲ್ಲ ಬಲ್ಲ ವಿದ್ಯೆಯೇ. ಗೋಡೆಯ ಹೊರಮೈಗೆ ಓವರ್ಸಿಯರು ಒಂದು ಕೆಂಪು ಗೆರೆ ಎಳೆಸಿದ. ನೀರು ಅದನ್ನು ಮುಟ್ಟಿದ ಕೂಡಲೇ ಹಲಗೆ ಇಳಿಯಬೇಕು, ಅದಕ್ಕೆ ಯಾರ ಅಪ್ಪಣೆಯೂ ಬೇಡ.

"ಹೊಳೆಯ ಬುದ್ಧಿ ಗೊತ್ತಿರುವವರು ಯಾರು ಉಂಟು?" ಎಂದು ಓವರ್ಸಿಯರು ಕೇಳಿದಾಗ ಎಲ್ಲರೂ ಆದಂ ಕುಂಞಿಯನ್ನು ತೋರಿಸಿದರು. ಹಲಗೆಯ ಕೆಲಸ ಅವನಿಗೆ ಬಂತು. ಮೊದಲ ದಿನ ಶೀನಪ್ಪ ಕಿಂಡಿ ದಾಟುತ್ತ ಅವನ ಹೆಗಲು ತಟ್ಟಿ ನಕ್ಕ.

"ಸರಿಯಾಗಿ ಮುಚ್ಚು ಬ್ಯಾರಿ. ನಿನ್ನ ತಮ್ಮ ಮಾಡಿದ ಹಾಗೆ ಮಾಡಬೇಡ."

ಆದಂ ಕುಂಞಿ ತಲೆಯಾಡಿಸಿದ. ಆ ಹೆಗಲನ್ನು ಸಂಜೆ ಹೊಳೆಯಲ್ಲಿ ಕಲ್ಲು ಹಾಕಿ ಉಜ್ಜಿ ತೊಳೆದ.

ಅರುವತ್ತೆರಡರ ಆಟಿಯಲ್ಲಿ, ಐದು ದಿನ ಬಿಡದೆ ಮಳೆ ಹೊಯ್ದ ಮೇಲೆ, ಬೆಳಿಗ್ಗೆ ಅವನು ಗೋಡೆಯ ಮೇಲೆ ನಿಂತು ಕುಮಾರಧಾರೆಯನ್ನು ನೋಡಿದ. ನೀರು ಕೆಂಪಗಾಗಿತ್ತು. ಬೇರು ಸಮೇತ ಮರಗಳು ಬರುತ್ತಿದ್ದವು. ಮಧ್ಯಾಹ್ನದ ಒಳಗೆ ಗೆರೆ ಮುಟ್ಟುತ್ತದೆ ಎಂದು ಅವನಿಗೆ ಖಂಡಿತವಾಯಿತು. ಅವನು ಮನೆಮನೆಗೆ ಹೋಗಿ ಹೇಳಿದ. ದನಗಳನ್ನು ಬಿಚ್ಚಿಸಿದ, ಮುದುಕರನ್ನು ಮೇಲಿನ ಪೇಟೆಗೆ ಕಳಿಸಿದ. ಡಿಪೋಗೆ ಮಾತ್ರ ಹೋಗಲಿಲ್ಲ. ಕಿಂಡಿಯ ತನಕ ನಡೆದವನು ಅಲ್ಲಿಂದಲೇ ತಿರುಗಿದ. ಶೀನಪ್ಪನಿಗೆ ಕಣ್ಣಿಲ್ಲವಾ, ಕಂಡುಕೊಳ್ಳಲಿ, ಎಂದು ತನಗೆ ತಾನೇ ಹೇಳಿಕೊಂಡ.

ಹನ್ನೆರಡು ಗಂಟೆಯ ಸುಮಾರಿಗೆ ಶೀನಪ್ಪನಿಗೂ ಗೊತ್ತಾಯಿತು. ಜತ್ತಪ್ಪ ಡಿಪೋದ ಮಾಲು ಒಂದು ಗಾಡಿ ತುಂಬಿಸಿ, ಎತ್ತುಗಳ ಬಾಲ ತಿರುಚುತ್ತ ಕಿಂಡಿಯಿಂದ ಒಳಗೆ ಬಂದ. ಶೀನಪ್ಪ ಬರಲಿಲ್ಲ. ತೇಗದ ದಿಮ್ಮಿಗಳು ತೇಲಿ ಹೋಗದ ಹಾಗೆ ಸರಪಳಿ ಬಿಗಿಯುತ್ತಿದ್ದ.

ಗೆರೆಗೆ ಇನ್ನೂ ಒಂದು ಗೇಣು ಇತ್ತು. ಆದಂ ಕುಂಞಿ ಡಿಪೋದ ಕಡೆ ಒಮ್ಮೆ ನೋಡಿ, "ಇಳಿಸಿ," ಅಂದ.

ಹಲಗೆಗಳು ಒಂದರ ಮೇಲೊಂದು ಇಳಿದವು. ಕೇರಿಯ ಗಂಡಸರು ಹೆಂಗಸರು ಬುಟ್ಟಿಬುಟ್ಟಿ ಮಣ್ಣು ಸುರಿದು ತುಳಿದರು. ದೇವಮ್ಮನೂ ಅವರೊಳಗೆ ಇದ್ದಳು, ಮೊಣಕಾಲ ತನಕ ಕೆಸರು. ನಡುವಿನ ಮಣ್ಣು ತುಂಬಿ ಮುಗಿಯುವಾಗ ಹೊರಗಿನಿಂದ ಕೂಗು ಕೇಳಿತು. ಶೀನಪ್ಪ ಸೊಂಟಮಟ್ಟದ ನೀರಿನಲ್ಲಿ ಹಲಗೆಗೆ ಬಡಿಯುತ್ತಿದ್ದ.

"ತೆಗಿ! ನಾನು ಒಳಗೆ ಬರಬೇಕು!"

ಆದಂ ಕುಂಞಿ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿ ಗೋಡೆ ಹತ್ತಿ ನಿಂತ. ಹಿಂದೆಯೇ ನಾಲ್ಕೈದು ಜನ ಹತ್ತಿದರು. "ಹಲಗೆ ತೆಗೆಯುದಕ್ಕೆ ಆಗುದಿಲ್ಲ ಧಣಿಗಳೇ. ಕೇರಿ ಹೋಗ್ತದೆ."

"ಹಾಗಾದರೆ ಹಗ್ಗ ಬಿಡು ಮಾರಾಯ!"

"ಹಗ್ಗ ಉಂಟು. ಮೊದಲು ಒಂದು ಮಾತು ಹೇಳಿ. ಎಂಟು ವರ್ಷದ ಹಿಂದೆ ಇಲ್ಲಿ ಒಡ್ಡು ಕಡಿದದ್ದು ಯಾರು?"

ಶೀನಪ್ಪ ಮತ್ತೆ ಹಲಗೆಗೆ ಬಡಿದ. "ಇದು ಅದನ್ನು ಕೇಳುವ ಹೊತ್ತಾ? ಜತ್ತಪ್ಪನನ್ನು ಕೇಳು, ಅವನೇ ಕಂಡದ್ದು!"

ಎಲ್ಲರೂ ಜತ್ತಪ್ಪನ ಕಡೆ ತಿರುಗಿದರು. ಅವನು ತಲೆಯ ಮುಂಡಾಸು ಬಿಚ್ಚಿ ಮುಖ ಒರೆಸಿಕೊಂಡ.

"ಜತ್ತಪ್ಪನಿಗೆ ನೆನಪಿಲ್ಲವಂತೆ," ಅಂದ ಆದಂ ಕುಂಞಿ. "ನೀವು ಹೇಳಿ."

ನೀರು ಎದೆಗೆ ಬಂತು. ಡಿಪೋದಲ್ಲಿ ಒಂದು ಸರಪಳಿ ಕಿತ್ತು ದಿಮ್ಮಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯತೊಡಗಿದವು. ಶೀನಪ್ಪ ಗೋಡೆಯ ಕಲ್ಲಿನ ಸಂದಿಗೆ ಬೆರಳು ತುರುಕಿ ಹಿಡಿದುಕೊಂಡ.

"ನಾನು! ನಾನು ಕಡಿಸಿದ್ದು!"

"ಮುಚ್ಚಿಸಿದ್ದು?"

"ಅದೂ ನಾನೇ. ಗಟ್ಟಿ ಮಾಡಲಿಲ್ಲ. ಅದ್ದು ಮುಟ್ಟಿಲ್ಲ, ಅವನಿಗೆ ಗೊತ್ತೇ ಇಲ್ಲ! ಇನ್ನಾದರೂ ಹಗ್ಗ ಬಿಡು, ದಮ್ಮಯ್ಯ!"

ಈ ಮಾತು ಕಿವಿಗೆ ಬಿದ್ದರೆ ಎದೆ ಹಗುರಾಗುತ್ತದೆ ಎಂದು ಆದಂ ಕುಂಞಿ ಎಂಟು ವರ್ಷ ನಂಬಿದ್ದ. ಹಗುರಾಗಲಿಲ್ಲ. ಇನ್ನಷ್ಟು ಬೇಕು ಅನಿಸಿತು. ಆದರೂ ಹಗ್ಗದ ಸುರುಳಿ ಹೆಗಲಿಂದ ಇಳಿಸಿದ. ಅಷ್ಟರಲ್ಲಿ ದೇವಮ್ಮ ಗೋಡೆ ಹತ್ತಿ ಬಂದು ಸುರುಳಿಯನ್ನು ಕಿತ್ತುಕೊಂಡು ಎದೆಗೆ ಅವುಚಿ ಕೂತಳು.

"ಬಿಡುದಿಲ್ಲ."

"ಅಕ್ಕ..."

"ನನ್ನ ದುಗ್ಗುವಿಗೆ ಹಗ್ಗ ಬಿಟ್ಟವರು ಯಾರು?"

ಅವಳ ಕೈಯಿಂದ ಎಳೆದುಕೊಳ್ಳುವುದು ಕಷ್ಟವಿರಲಿಲ್ಲ. ಆದಂ ಕುಂಞಿ ಎಳೆಯಲಿಲ್ಲ. ಸುಮ್ಮನೆ ನಿಂತ. ಕೆಳಗೆ ಶೀನಪ್ಪ ಅವನ ಹೆಸರು, ದೇವಮ್ಮನ ಹೆಸರು, ದೇವರ ಹೆಸರು ಎಲ್ಲ ಕರೆದ. ತಾನು ಎಷ್ಟು ಹೊತ್ತು ಹಾಗೆ ನಿಂತೆನೆಂದು ಆದಂ ಕುಂಞಿಗೆ ಆಮೇಲೆ ನೆನಪು ಮಾಡಿಕೊಂಡರೂ ಗೊತ್ತಾಗಲಿಲ್ಲ. ಒಂದು ದಿಮ್ಮಿ ತಿರುಗಿ ಬಂದು ಶೀನಪ್ಪನ ಕಾಲನ್ನು ಗೋಡೆಗೆ ಅಪ್ಪಳಿಸಿತು. ಅವನ ಚೀರಾಟ ಕೇಳಿ ಜತ್ತಪ್ಪ ಕಿವಿ ಮುಚ್ಚಿಕೊಂಡ.

ಆಗ ಆದಂ ಕುಂಞಿ ದೇವಮ್ಮನ ಹತ್ತಿರ ಕುಕ್ಕರಿಸಿ ಕೂತು ಮೆಲ್ಲಗೆ ಹೇಳಿದ. "ಅಕ್ಕ, ಸತ್ತರೆ ಅವನಿಗೆ ಇವತ್ತಿಗೇ ಮುಗಿಯಿತು. ನಮಗೆ ಎಂಟು ವರ್ಷದಿಂದ ಮುಗಿದಿಲ್ಲ. ಅವನು ಬದುಕಬೇಕು. ನಮ್ಮ ಕಣ್ಣ ಮುಂದೆಯೇ ಬದುಕಬೇಕು."

ದೇವಮ್ಮ ಅವನ ಮುಖವನ್ನೇ ನೋಡಿದಳು. ಆಮೇಲೆ ಕೈ ಸಡಿಲ ಬಿಟ್ಟಳು.

ಶೀನಪ್ಪನನ್ನು ನಾಲ್ಕು ಜನ ಸೇರಿ ಮೇಲೆ ಎಳೆದರು. ಮೊಣಕಾಲಿನ ಕೆಳಗೆ ಮೂಳೆ ಪುಡಿಯಾಗಿತ್ತು. ಅವನ ಮರಗಳೆಲ್ಲ ಕಡಲಿಗೆ ಹೋದವು. ಕೇರಿಗೆ ಒಂದು ತೊಟ್ಟು ನೀರು ಬರಲಿಲ್ಲ. ವಾರ ಕಳೆದು ಬಂದ ಓವರ್ಸಿಯರು ಗೋಡೆಯನ್ನು ಸವರಿ, "ಹಲಗೆ ಎಷ್ಟು ಹೊತ್ತಿಗೆ ಇಳಿಸಿದಿ?" ಎಂದು ಕೇಳಿದ. "ಗೆರೆ ಮುಟ್ಟಿದಾಗ," ಅಂದ ಆದಂ ಕುಂಞಿ. ಯಾರೂ ಅಲ್ಲ ಅನ್ನಲಿಲ್ಲ.

ಶೀನಪ್ಪನನ್ನು ಕೇರಿಯವರು ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಅವನು ಊರುಗೋಲು ಹಿಡಿದು ಬೀದಿಯಲ್ಲಿ ಬಂದರೆ ಅಂಗಡಿಯವರು ಒಳಗೆ ಹೋಗುತ್ತಿದ್ದರು. ದೇವಮ್ಮ ಮಾತ್ರ ಜಗಲಿಗೆ ಬಂದು ನಿಲ್ಲುತ್ತಿದ್ದಳು. ಒಂದೇ ಮಾತು. "ದುಗ್ಗುವಿಗೆ ಈಗ ಹದಿನಾಲ್ಕು ಆಗ್ತಿತ್ತು ಧಣಿಗಳೇ." ಮುಂದಿನ ವರ್ಷ ಅದು ಹದಿನೈದು ಆಯಿತು. ಆ ಮಳೆಗಾಲ ಕಳೆದ ಮೇಲೆ ಶೀನಪ್ಪ ಮನೆ ಮಾರಿ ಬೆಳ್ಳಾರೆಗೆ ಹೋದ. ಅಲ್ಲಿ ಒಂದು ಸಣ್ಣ ಅಡಿಕೆ ಅಂಗಡಿ ಇಟ್ಟನೆಂದು ಸುದ್ದಿ ಬಂತು.

ಅರುವತ್ತನಾಲ್ಕರಲ್ಲಿ, ಮಳೆ ಹಿಡಿಯುವ ಮೊದಲು, ಆದಂ ಕುಂಞಿ ಅದ್ದುವಿನ ಗೋರಿ ನೋಡಲು ಹೊರಟ. ಪುತ್ತೂರಿನಲ್ಲಿ ಸುಳ್ಯದ ಬಸ್ಸು ಹತ್ತಿದರೆ ಹೆಂಗಸರ ಸೀಟಿನಲ್ಲಿ ದೇವಮ್ಮ ಕೂತಿದ್ದಳು.

"ನೀವು ಎಲ್ಲಿಗೆ ಅಕ್ಕ?"

"ಬೆಳ್ಳಾರೆಗೆ. ದುಗ್ಗುವಿಗೆ ಹದಿನಾರು ಆಯಿತಲ್ಲ."

"ಸಾಕಲ್ಲವಾ ಅಕ್ಕ?" ಅಂದ ಆದಂ ಕುಂಞಿ.

"ನೀನೇ ಹೇಳಿದ್ದಲ್ಲವಾ, ಅವನು ಬದುಕಬೇಕು ಅಂತ?" ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ಒಂದು ಹರದಾರಿ ಕಳೆದ ಮೇಲೆ ಅವಳೇ ಮತ್ತೆ ಮಾತು ತೆಗೆದಳು. "ಅದ್ದುವಿನ ಹತ್ತಿರ ಹೇಳು. ನಾನು ಅವತ್ತು ಉಗಿದದ್ದು ತಪ್ಪಾಯಿತು ಅಂತ."

"ಹೇಳ್ತೇನೆ," ಅಂದ. ಆದರೆ ಅವಳ ಮುಖ ನೋಡಲು ಅವನಿಗೆ ಆಗಲಿಲ್ಲ. ಶೀನಪ್ಪನ ಮೇಲಿದ್ದ ಸಿಟ್ಟಿನಲ್ಲಿ ಒಂದು ಪಾಲು ಇವಳ ಮೇಲೂ, ಅವತ್ತು ಸುಮ್ಮನಿದ್ದ ಇಡೀ ಕೇರಿಯ ಮೇಲೂ ತನ್ನೊಳಗೆ ಇನ್ನೂ ಇದೆ ಎಂದು ಅವನಿಗೆ ಆಗ ತಿಳಿಯಿತು. ಬೆಳ್ಳಾರೆಯಲ್ಲಿ ಅವಳು ಸೆರಗು ಸರಿಮಾಡಿಕೊಂಡು ಇಳಿದು ಅಡಿಕೆ ಅಂಗಡಿಗಳ ಸಾಲಿನ ಕಡೆ ನಡೆದಳು. ಅವನು ತಡೆಯಲಿಲ್ಲ.

ತೋಟ ತಲುಪುವಾಗ ಮರುದಿನ ಹತ್ತು ಗಂಟೆ. ಅಲ್ಲಿನ ರೈಟರು ಬದಲಾಗಿದ್ದ. ಪೋಕರ್ ಎಂಬ ಮುದುಕ ಕೂಲಿಯಾಳು ಅವನನ್ನು ಕಾಫಿ ಗಿಡಗಳ ಆಚೆಯ ಇಳಿಜಾರಿಗೆ ಕರೆದುಕೊಂಡು ಹೋದ. ಕಳೆ ಮುಚ್ಚಿದ ಮೂರು ಮಣ್ಣಿನ ದಿಬ್ಬಗಳು ಇದ್ದವು.

"ಆ ವರ್ಷದ ಜ್ವರಕ್ಕೆ ಮೂವರು ಹೋದರು. ನಿನ್ನ ತಮ್ಮನದು ಯಾವುದು ಅಂತ ಈಗ ಹೇಳುದಕ್ಕೆ ನನಗೂ ಆಗುದಿಲ್ಲ," ಅಂದ ಪೋಕರ್.

ಆದಂ ಕುಂಞಿ ದುವಾ ಮಾಡಿದ. ಆಮೇಲೆ ಮೂರೂ ದಿಬ್ಬಗಳಿಗೆ ಕೇಳುವಷ್ಟು ದೊಡ್ಡದಾಗಿ, ಶೀನಪ್ಪ ಎಲ್ಲರ ಎದುರು ಏನು ಹೇಳಿದನೋ ಅದನ್ನು ಮಾತು ಬಿಡದೆ ಹೇಳಿದ. ದೇವಮ್ಮ ಹೇಳಿ ಕಳಿಸಿದ್ದನ್ನೂ ಹೇಳಿದ. ಬಸ್ಸಿಗೆ ಇನ್ನೂ ಹೊತ್ತಿತ್ತು. ಪೋಕರ್‌ನಿಂದ ಒಂದು ಕತ್ತಿ ಕೇಳಿ ತೆಗೆದುಕೊಂಡು, ಮುಂಡು ಮೇಲೆ ಕಟ್ಟಿ, ಮೇಲಿನ ದಿಬ್ಬದಿಂದ ಕಳೆ ಸವರಲು ಸುರುಮಾಡಿದ.